ನೀರಿನೊಳಗೊಂದು ನೀರು
ಎಣ್ಣೆ, ನೀರು ಬೇರಾಗುವುದು ಅಡುಗೆಮನೆಯಲ್ಲೇ ಕಾಣುತ್ತದೆ. ನೀರಿನಿಂದ ನೀರೇ ಬೇರಾಗುತ್ತದೆಂದರೆ ನಂಬುವುದು ಕಷ್ಟ. 1950ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್‌ಸನ್ ಪಾಲಿಎಥಿಲೀನ್ ಗ್ಲೈಕಾಲ್, ಡೆಕ್ಸ್‌ಟ್ರಾನ್ ಎಂಬ ಪಾಲಿಮರ್‌ಗಳ ನೀರಿನ ದ್ರಾವಣಗಳನ್ನು ಬೆರೆಸಿ ಈ ವಿಚಿತ್ರವನ್ನೇ ಉಪಕರಣವಾಗಿಸಿದರು. ಕಲಕಿದ ನಳಿಗೆ ಮೊದಲು ಮಬ್ಬಾಗುತ್ತದೆ. ಬಿಟ್ಟರೆ ಡೆಕ್ಸ್‌ಟ್ರಾನ್ ಪದರ ತಳಕ್ಕಿಳಿದು ನಡುವೆ ತೆಳು ಗೆರೆ ಮೂಡುತ್ತದೆ. ಎರಡರಲ್ಲೂ ಹೆಚ್ಚಿನ ಪಾಲು ನೀರೇ. ಹಾಗಾಗಿ ಸಾವಯವ ದ್ರಾವಕದಲ್ಲಿ ಕೆಟ್ಟುಹೋಗುವ ಪ್ರೋಟೀನುಗಳು ಇಲ್ಲಿ ಹಾಳಾಗದೆ ತಮಗೊಗ್ಗುವ ಪದರ ಸೇರುತ್ತವೆ.

ಡೆಕ್ಸ್‌ಟ್ರಾನ್ ದುಬಾರಿ, ದ್ರಾವಣ ಮಂದ ಎಂಬ ಆಕ್ಷೇಪ ಸುಳ್ಳಲ್ಲ. ಕಾರ್ಖಾನೆಯ ತೊಟ್ಟಿಗೆ ಅದು ಹೊರೆಯೇ. ಮೈಕ್ರೋಲೀಟರ್ ಲೆಕ್ಕದ ಪರೀಕ್ಷೆಯಲ್ಲಿ ಮಾತ್ರ ಖರ್ಚು ಗೌಣ. ಅಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಡಿ ಕೂತ ಡೆಕ್ಸ್‌ಟ್ರಾನ್ ಹನಿ ಹರಡುವುದಿಲ್ಲ, ಅದರೊಳಗಿನ, ಪ್ರೋಟೀನನ್ನು ಗುರುತಿಸುವ ಪ್ರತಿಕಾಯ ಸುಲಭವಾಗಿ ಪಕ್ಕದ ಹನಿಗೆ ಸೋರುವುದಿಲ್ಲ. ಹಾಗಾಗಿ ಒಂದೇ ಪುಟ್ಟ ಕುಳಿಯಲ್ಲಿ, ಗೋಡೆ ಕಟ್ಟದೆ, ಹಲವು ಪ್ರೋಟೀನುಗಳನ್ನು ಒಟ್ಟಿಗೆ ಅಳೆಯಬಹುದು.