ಎತ್ತರ ಅಳೆದರು, ಸದ್ದು ಮರೆತರು

ಮುಂಬೈಯ ಆಕಾಶ ಕಾಯಲೆಂದು ಬ್ರಿಟಿಷರು 1939ರಲ್ಲಿ ಪುಣೆಯ ಲೋಹೆಗಾಂವ್‌ನಲ್ಲಿ ವಾಯುನೆಲೆ ಕಟ್ಟಿದಾಗ ಅದು ಊರಾಚೆಯ ಜಾಗ. ಮುಂದೆ ವಾಯುಪಡೆಯ ಅದೇ ರನ್‌ವೇಯನ್ನು ಪ್ರಯಾಣಿಕ ವಿಮಾನಗಳೂ ಬಳಸತೊಡಗಿದವು. ಸುಖೋಯ್ ಯುದ್ಧವಿಮಾನಗಳು 1997ರಲ್ಲಿ ವಾಯುಪಡೆಗೆ ಸೇರಿದ್ದೂ ಇಲ್ಲೇ. ಅಷ್ಟರಲ್ಲಿ ವಿಮಾನ್ ನಗರ, ಟಿಂಗ್ರೆ ನಗರ, ಧಾನೋರಿಗಳು (ಮೊದಲನೆಯದರ ಹೆಸರೇ ಎಲ್ಲವನ್ನೂ ಹೇಳುತ್ತದೆ) ನೆಲೆಯ ಸುತ್ತ ಬೆಳೆಯುತ್ತಿದ್ದವು. 2024ರ ಜುಲೈಯಲ್ಲಿ ಹೊಸ ಟರ್ಮಿನಲ್ ತೆರೆಯಿತು. ಈಗ ವರ್ಷಕ್ಕೆ ಸುಮಾರು ಒಂದು ಕೋಟಿ ಜನ ಇಲ್ಲಿ ಹತ್ತಿಳಿಯುತ್ತಾರೆ.

ಈ ಬೆಳವಣಿಗೆಗೆ ಕಡಿವಾಣವೇ ಇರಲಿಲ್ಲ ಎನ್ನುವಂತಿಲ್ಲ. ನೆಲೆಯ ಗೋಡೆಯ ಪಕ್ಕ ಕಟ್ಟಬಾರದೆನ್ನಲು 1903ರ ರಕ್ಷಣಾ ಕಾಮಗಾರಿ ಕಾಯ್ದೆಯಿದೆ, ಕಟ್ಟಡ ಎಷ್ಟು ಮಹಡಿ ಏರಬಹುದೆನ್ನಲು ಬಣ್ಣ ಬಳಿದ ನಕ್ಷೆಯಿದೆ. ಆದರೆ ಇವೆಲ್ಲ ಕಾಯುವುದು ವಿಮಾನವನ್ನು, ಕೆಳಗೆ ಮಲಗಿದವರನ್ನಲ್ಲ. ದಟ್ಟಣೆಯ ವಿಮಾನ ನಿಲ್ದಾಣಗಳ ಸುತ್ತ ಹಗಲು 70, ರಾತ್ರಿ 65 ಡೆಸಿಬಲ್ ಮಿತಿ ಬಂದದ್ದು 2018ರಲ್ಲಿ, ಮನೆಗಳೆಲ್ಲ ಎದ್ದ ಮೇಲೆ. ಅದೂ ಸೇನಾ ವಿಮಾನಗಳಿಗೆ ಅನ್ವಯಿಸದು. ಲೋಹೆಗಾಂವ್‌ನಲ್ಲಿ ಕಿವಿಗಡಚಿಕ್ಕುವುದು ಅವೇ.

ಸದ್ದಿದೆಯೆಂದು ತಿಳಿದೇ ಮನೆ ಕೊಂಡವರು ಈಗ ಗೊಣಗುವುದೇಕೆ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಕೊಂಡವನ ಕೈಯಲ್ಲಿದ್ದದ್ದು ಸರಕಾರಿ ಮೊಹರು ಬಿದ್ದ ಪರವಾನಗಿ. ಎಷ್ಟು ಮಹಡಿ ಎಂದು ಕೇಳಿದ ಕಚೇರಿ, ಶಾಲೆಗೋ ಆಸ್ಪತ್ರೆಗೋ ಈ ಜಾಗ ತಕ್ಕುದೇ ಎಂದು ಕೇಳಬಹುದಿತ್ತು.

ನಿಲ್ದಾಣವನ್ನೇ ಸಾಗಿಸಿಬಿಡಿ ಎಂಬುದು ಇನ್ನೊಂದು ವಾದ. 2016ರಲ್ಲಿ ಪುರಂದರ ತಾಲೂಕಿನ ಹೆಸರು ಬಂದದ್ದು ಹೀಗೆ. ಅಂಜೂರಕ್ಕೆ ಹೆಸರಾದ ಸೀಮೆಯದು. ಪಾರ್‌ಗಾಂವ್, ಕುಂಭಾರ್‌ವಳಣ್ ಸೇರಿ ಏಳು ಹಳ್ಳಿಗಳು ಭೂಮಿ ಬಿಡಲು ಒಪ್ಪದೆ, 2025ರ ಮೇಯಲ್ಲಿ ಡ್ರೋನ್ ಸಮೀಕ್ಷೆಯ ವೇಳೆ ಪೊಲೀಸರೊಡನೆ ಘರ್ಷಣೆಯೇ ಆಯಿತು. ಪ್ರಯಾಣಿಕ ವಿಮಾನಗಳು ಅತ್ತ ಹೋದರೂ ಸುಖೋಯ್ ಹೋಗದು. 2008ರಲ್ಲಿ ಬೆಂಗಳೂರಿನ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೂ ಎಚ್‌ಎಎಲ್ ರನ್‌ವೇ ಹಾರಾಟ ನಿಲ್ಲಿಸಲಿಲ್ಲ. ಅಲ್ಲದೆ ಪುರಂದರದ ಬಯಲೂ ಬಯಲಾಗಿ ಉಳಿಯದು. ರನ್‌ವೇ ಯಾವ ದಿಕ್ಕಿಗೆಂದು ಗೊತ್ತಾದೊಡನೆ ಸದ್ದಿನ ನಕ್ಷೆ ಬರೆದು, ಅದರೊಳಗೆ ವಸತಿ ಬಡಾವಣೆ ಕೂಡದೆಂದು ಅಭಿವೃದ್ಧಿ ಯೋಜನೆಯಲ್ಲೇ ನಮೂದಿಸಬೇಕು. ಅದರಿಂದ ಬೆಲೆ ಕುಸಿಯುವ ಹೊಲದ ಒಡೆಯನಿಗೂ ಪರಿಹಾರ ಸಲ್ಲಬೇಕು. ಸದ್ಯ ಲೆಕ್ಕಕ್ಕೆ ಬರುವುದು ಬೇಲಿಯೊಳಗೆ ಹೋಗುವ ಭೂಮಿಯಷ್ಟೇ.