ಚಲನೆಗೂ ಚಿತ್ತಕ್ಕೂ ಒಂದೇ ದೂತ: ಕಾರ್ಲ್‌ಸನ್ನರ ಡೋಪಮೈನ್ ಸಂಶೋಧನೆ

ಕಂಪವಾತದ ರೋಗಿಯಲ್ಲಿ ಪರರು ಮೊದಲು ಗಮನಿಸುವುದು ನಡುಗುವ ಕೈಯನ್ನು. ಮನೆಯವರನ್ನು ಹೆಚ್ಚಾಗಿ ನೋಯಿಸುವುದು ಅವನ ಮುಖ. ಸ್ನಾಯುಗಳು ಬಿಗಿದು ನಗೆಯೂ ಹುಬ್ಬುಗಂಟೂ ಅಡಗಿದ ಆ ಮುಖವನ್ನು ಕಂಡು, ಹಿರಿಯರಿಗೆ ಮಮತೆಯೇ ಆರಿಹೋಯಿತೆಂದು ಭಾವಿಸುವವರುಂಟು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ಈ ವ್ಯಾಧಿಯನ್ನು ವರ್ಣಿಸಿ ಪ್ರಬಂಧವೊಂದನ್ನು ಬರೆದನು. ರೋಗಕ್ಕೆ ಅವನ ಹೆಸರೇ ನಿಂತಿತು. ಆದರೆ ಇಚ್ಛೆಯಿದ್ದೂ ಅಂಗಗಳು ಏಕೆ ಕದಲವೆಂಬ ಪ್ರಶ್ನೆಗೆ ಉತ್ತರ ಹೊಳೆಯಲು ಸುಮಾರು ನೂರನಾಲ್ವತ್ತು ವರ್ಷಗಳು ಹಿಡಿದವು. ಆ ಉತ್ತರದ ಜಾಡು ಹಿಡಿದವರಲ್ಲಿ ಅಗ್ರಗಣ್ಯರು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ (1923–2018).

ಅವರಿಗೆ ಒದಗಿದ ಸಾಧನ ನಮ್ಮ ಸರ್ಪಗಂಧದ ಬೇರಿನಿಂದ ಬಂದದ್ದು. ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಅದರ ಉಪಯೋಗವನ್ನು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿಯೇ ಪ್ರಕಟಿಸಿದ್ದರು. ಮುಂಬಯಿಯ ಡಾ. ರುಸ್ತುಮ್ ಜಾಲ್ ವಕೀಲರ 1949ರ ಲೇಖನದಿಂದ ಅದರ ಕೀರ್ತಿ ಪಶ್ಚಿಮಕ್ಕೆ ಹಬ್ಬಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಸಂಸ್ಥೆಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಉದ್ರೇಕವನ್ನು ಶಮನಗೊಳಿಸುತ್ತಿದ್ದ ಈ ಔಷಧಿ ಕೆಲವರ ಅಂಗಾಂಗಗಳನ್ನು ಕಂಪವಾತದಲ್ಲಿರುವಂತೆಯೇ ಬಿಗಿಯುತ್ತಿತ್ತು. ಆ ದೋಷವೇ ಸಂಶೋಧಕರಿಗೆ ಸುಳಿವಾಯಿತು.

ಮಿದುಳಿನ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಬಹುತೇಕ ರಾಸಾಯನಿಕ ದ್ರವ್ಯಗಳ ಮೂಲಕ. ರಿಸರ್ಪಿನ್ ಈ ದ್ರವ್ಯಗಳ ದಾಸ್ತಾನನ್ನು ಬರಿದುಮಾಡುತ್ತದೆ. 1957ರಲ್ಲಿ ಕಾರ್ಲ್‌ಸನ್ನರೂ ಸಹೋದ್ಯೋಗಿಗಳೂ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಅವು ಕಿವಿ ಜೋಲಿಸಿ ಜಡವಾಗಿ ಬಿದ್ದುಕೊಂಡವು. ತರುವಾಯ ಡೋಪಾ ಎಂಬ ದ್ರವ್ಯವನ್ನು ಚುಚ್ಚಲಾಗಿ, ಸ್ವಲ್ಪ ಹೊತ್ತಿನಲ್ಲಿಯೇ ಕಿವಿಗಳು ನಿಮಿರಿ ಅವು ಎದ್ದು ಓಡಾಡತೊಡಗಿದವು. ಡೋಪಾದಿಂದ ಡೋಪಮೈನ್, ಅದರಿಂದ ನಾರ್‌ಅಡ್ರಿನಲಿನ್ ಹುಟ್ಟುವುದು ಆಗಲೇ ತಿಳಿದಿತ್ತು. ಡೋಪಮೈನನ್ನು ದಾರಿಯ ನಡುವಣ ತಂಗುದಾಣದಂತೆ ಎಣಿಸಿದ್ದರು. ಆದರೆ ಚೇತರಿಸಿದ ಪ್ರಾಣಿಗಳ ಮಿದುಳನ್ನು ಪರೀಕ್ಷಿಸಿದರೆ ನಾರ್‌ಅಡ್ರಿನಲಿನ್ ಮರಳಿರಲಿಲ್ಲ. 1958ರಲ್ಲಿ ಡೋಪಮೈನನ್ನು ಅಳೆಯುವ ವಿಧಾನ ರೂಪಿಸಿ ನೋಡಿದಾಗ, ಮರಳಿದ್ದುದು ಅದು. ತಂಗುದಾಣವೆಂದು ತಿಳಿದದ್ದೇ ಊರಾಗಿತ್ತು! ಮರುವರ್ಷ ಅದೇ ಪ್ರಯೋಗಶಾಲೆಯ ಬರ್ಟ್ಲರ್ ಮತ್ತು ರೋಸೆನ್‌ಗ್ರೆನ್, ಮಿದುಳಿನ ಡೋಪಮೈನಿನ ಬಹುಭಾಗ ಚಲನೆಯನ್ನು ನಿಯಂತ್ರಿಸುವ ಗಂಟುಗಳಲ್ಲಿಯೇ ಇದೆಯೆಂದು ತೋರಿಸಿದರು.

ವಿದ್ವನ್ಮಂಡಲಿ ಇದನ್ನು ಒಡನೆಯೇ ಒಪ್ಪಲಿಲ್ಲ. 1960ರಲ್ಲಿ ಲಂಡನ್ನಿನಲ್ಲಿ ಸೇರಿದ ಗೋಷ್ಠಿಯಲ್ಲಿ ನೊಬೆಲ್ ಪುರಸ್ಕೃತ ಸರ್ ಹೆನ್ರಿ ಡೇಲ್ ಅವರೇ ಡೋಪಾವನ್ನು ವಿಷವೆಂದು ಬಗೆದರು. ಆದರೆ ಅದೇ ವರ್ಷ ವಿಯೆನ್ನಾದಲ್ಲಿ ಎರಿಂಗರ್ ಮತ್ತು ಹಾರ್ನಿಕೀವಿಚ್ ಮೃತ ರೋಗಿಗಳ ಮಿದುಳನ್ನು ಪರೀಕ್ಷಿಸಿ, ಆ ಗಂಟುಗಳಲ್ಲಿ ಡೋಪಮೈನ್ ತೀರ ಕುಗ್ಗಿರುವುದನ್ನು ಕಂಡರು. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಯನ್ನು ಡೋಪಮೈನ್ ದಾಟಲಾರದು, ಡೋಪಾ ದಾಟಬಲ್ಲದು. ಆದುದರಿಂದ 1961ರಲ್ಲಿ ಡೋಪಾವನ್ನೇ ಚುಚ್ಚಿದಾಗ ಹಾಸಿಗೆ ಹಿಡಿದವರು ಕೆಲವು ಗಂಟೆಗಳ ಮಟ್ಟಿಗೆ ಎದ್ದು ನಡೆದರು. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂದಾಗ ಹಾರ್ನಿಕೀವಿಚ್ಚರ ಹೆಸರು ಸೇರದಿದ್ದುದು, ನನ್ನ ಮಟ್ಟಿಗೆ, ಅನ್ಯಾಯವೇ.

ಇಲ್ಲಿ ನಮ್ಮವರ ಒಂದು ವಾದವನ್ನು ಎತ್ತಬೇಕು. ಮೈಗೆ ತಾಗಿದರೆ ತುರಿಸುವ ನಸುಗುನ್ನಿಯ ಬೀಜದಲ್ಲಿ ಡೋಪಾ ಇರುವುದನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿಯೇ ತೋರಿಸಿದ್ದರು. ಹಾಗೆಂದ ಮಾತ್ರಕ್ಕೆ ಎಲ್ಲವೂ ನಮ್ಮಲ್ಲಿತ್ತೆನ್ನುವುದು ಸಲ್ಲದು. ಬೇರೂ ಬೀಜವೂ ನಮ್ಮಲ್ಲಿದ್ದವು, ನಿಜ. ಮಿದುಳಿನೊಳಗೆ ಏನು ಕುಂದಿತು, ಎಷ್ಟು ಕುಂದಿತು ಎಂಬ ಅಳತೆ ಇರಲಿಲ್ಲ. 1967ರಲ್ಲಿ ಅಮೆರಿಕದ ಕೊಟ್ಸಿಯಾಸ್ ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸಿ ಡೋಪಾವನ್ನು ಬಾಯಿಯ ಮೂಲಕ ಕೊಟ್ಟು ಸಫಲರಾದದ್ದು ಅಂಥ ಅಳತೆಯಿಂದಲೇ.

ಡೋಪಾ ರೋಗವನ್ನು ನಿರ್ಮೂಲ ಮಾಡದು. ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತಲೇ ಹೋಗುತ್ತವೆ. ವರ್ಷಗಳು ಕಳೆದಂತೆ ಗುಳಿಗೆಯ ಗುಣ ಬೇಗನೆ ಇಳಿಯುತ್ತದೆ, ಮೈ ತಾನಾಗಿ ಕುಣಿಯಲೂಬಹುದು. ಇದಕ್ಕಿಂತ ವಿಚಾರಾರ್ಹವಾದುದು ಚಿತ್ತದ ಸಂಗತಿ. ಮನೋವಿಕಲತೆಯ ಔಷಧಿಗಳು ಡೋಪಮೈನಿನ ಸುದ್ದಿಯನ್ನು ತಡೆಗಟ್ಟುವುವೆಂಬ ಊಹೆಯನ್ನು ಕಾರ್ಲ್‌ಸನ್ ಮತ್ತು ಲಿಂಡ್‌ಕ್ವಿಸ್ಟ್ 1963ರಲ್ಲಿ ಮುಂದಿಟ್ಟರು. ಮುಂದೆ ಅದು ಸ್ಥಿರಪಟ್ಟಿತು. ಡೋಪಾ ಮಿತಿಮೀರಿದರೆ ಕಂಪವಾತದ ಕೆಲವು ರೋಗಿಗಳಿಗೆ ಎದುರಿಗಿಲ್ಲದ ಮನುಷ್ಯರು ಕಾಣಿಸುತ್ತಾರೆ. ಇತ್ತ, ಭ್ರಮೆಯನ್ನಡಗಿಸುವ ಹಾಲೋಪೆರಿಡಾಲ್ ಮನೋರೋಗಿಯ ಕೈಯನ್ನು ನಡುಗಿಸಿ ಮುಖವನ್ನು ಬಿಗಿಯಬಲ್ಲದು. ಆದಕಾರಣ ಅಂಥ ಮುಖವನ್ನು ಕಂಡ ಮನೆಯವರು, ಸ್ವಭಾವ ಕೆಟ್ಟಿತೆಂದು ಹಳಿಯುವ ಮೊದಲು, ರೋಗಿ ನುಂಗುತ್ತಿರುವ ಎಲ್ಲ ಗುಳಿಗೆಗಳ ಹೆಸರನ್ನೂ ಬರೆದುಕೊಂಡು ವೈದ್ಯರಲ್ಲಿಗೆ ಹೋಗುವುದು ಒಳಿತು. ತಾವಾಗಿ ಅವನ್ನು ನಿಲ್ಲಿಸಲಾಗದು.