ಅಂಜದೀವಕ್ಕೆ ಬಂದ ಅತಿಥಿಗಳು

ನ್ಯೂಝಿಲೆಂಡಿನ ಮಾವೊರಿ ಜನರು 1642ರಲ್ಲಿ ತಾಸ್ಮನನ ಡಚ್ ಹಡಗುಗಳನ್ನು ಕಂಡರು. ಪರಸ್ಪರ ಮಾತು ತಿಳಿಯದ ಆ ಭೇಟಿಯಲ್ಲಿ ನಾಲ್ವರು ನಾವಿಕರು ಹತರಾದರು. ನಮ್ಮ ಕರಾವಳಿಯು ಅಂತಹ ಹಡಗುಗಳನ್ನು ಅದಕ್ಕೂ 144 ವರ್ಷಗಳ ಮೊದಲೇ ಕಂಡಿತ್ತು.

ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೊ ಡ ಗಾಮನು 1498ರ ಸೆಪ್ಟೆಂಬರಿನಲ್ಲಿ ಕಾರವಾರದ ಬಳಿಯ ಅಂಜದೀವದಲ್ಲಿ ಲಂಗರು ಇಳಿಸಿದನು. ಹಡಗುಗಳ ದುರಸ್ತಿಯಾಗಬೇಕಿತ್ತು, ಸಿಹಿನೀರು ಬೇಕಿತ್ತು. ಸ್ಥಳೀಯರು ಅವನಿಗೆ ಕಾಡುದಾಲ್ಚಿನ್ನಿಯನ್ನೂ ತೋರಿಸಿಕೊಟ್ಟರು. ಆಗ ಗೋವೆಯ ಅಧಿಪತಿಯ ಸೇವೆಯಲ್ಲಿದ್ದ ಯೆಹೂದ್ಯನೊಬ್ಬನು ಬಂದು ಯುರೋಪಿನ ಭಾಷೆಯಲ್ಲಿಯೇ ಮಾತನಾಡಿಸಿದನು. ಗೂಢಚಾರನೆಂದು ಶಂಕಿಸಿದ ಗಾಮನು ಅವನನ್ನು ಹೊಡೆಸಿ, ಸೆರೆಯಾಳಾಗಿ ಪೋರ್ತುಗಲ್ಲಿಗೆ ಒಯ್ದನು. ಗಾಸ್ಪರ್ ಡ ಗಾಮನೆಂದು ಹೊಸ ಹೆಸರು ಪಡೆದ ಆ ಸೆರೆಯಾಳೇ 1500ರಲ್ಲಿ ಕಬ್ರಾಲನ ಹಡಗುಗಳಿಗೆ ದುಭಾಷಿಯಾದನು.

ನೀರಿಗಾಗಿ ಬಂದವರು 1505ರಲ್ಲಿ ಅದೇ ದ್ವೀಪದಲ್ಲಿ ಕೋಟೆ ಕಟ್ಟಿದರು. ಅದೇ ವರ್ಷ ಹೊನ್ನಾವರದ ಹಡಗುಗಳನ್ನು ಸುಟ್ಟರು. ಆದರೂ 1510ರಲ್ಲಿ ಗೋವೆಯನ್ನು ಹಿಡಿಯಲು ಅಲ್ಬುಕರ್ಕನಿಗೆ ನೆರವಾದವನು ಹೊನ್ನಾವರದ ತಿಮ್ಮೋಜನೇ! ಕಡೆಗೆ 1961ರ ಡಿಸೆಂಬರಿನಲ್ಲಿ ಅಂಜದೀವವನ್ನು ಬಿಡಿಸಿಕೊಳ್ಳಲು ನಮ್ಮ ನೌಕಾದಳದ ಏಳು ಮಂದಿ ಪ್ರಾಣವಿತ್ತರು.

ಬಹುಕಾಲ ಹೋಟೆಲಿನ ಗಲ್ಲಾದಲ್ಲಿ ಕುಳಿತವನು ನಾನು. ಬಾಯಾರಿ ಬಂದವನಿಗೆ ನೀರು ಕೊಟ್ಟದ್ದು ತಪ್ಪೆಂದು ನಾನೆಂದಿಗೂ ಹೇಳಲಾರೆ. ಉಂಡ ಮನೆಯ ಋಣವನ್ನು ಮರೆತದ್ದೇ ತಪ್ಪು. ವಾಚಕರೇ, ಹೊಟ್ಟೆಪಾಡಿಗಾಗಿ ಪುಣೆಗೆ ಬಂದು ಮುಳಾ-ಮುಠಾ ನದಿಗಳ ನೀರು ಕುಡಿದ ನಾವೂ ಅತಿಥಿಗಳೇ. ಈ ಊರಿನ ಮಾತನ್ನು ಕಲಿತು, ಇಲ್ಲಿಯವರ ಸುಖದುಃಖಗಳಲ್ಲಿ ಭಾಗಿಗಳಾಗಿ ಬಾಳೋಣ. ಅತಿಥಿಗೆ ಒಪ್ಪುವ ಮರ್ಯಾದೆ ಅದೇ.